ಜೋಡೀದಾರನನ್ನು ಕರೆತರಬೇಕು

ಮರಾಠಿ ರಾಜ್ಯಕ್ಕೆ ಸೇರಿದ ಕನ್ನಡದ ಹಳ್ಳಿ ಯಳವಿಯ ಗುಲಾಬನಿಗೆ ಮರಾಠಿ ಬರುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಏಳನೆಯ ಇಯತ್ತೆಯವರೆಗೆ ಮರಾಠಿ ಸಾಲೆಯಲ್ಲೇ ಕಲಿತವನು, ಮುಂಬಯಿಯ ಕುರಿ ಬಜಾರಿನಲ್ಲಿ ದಲಾಲರ ಬಾಯಿ ಮುಚ್ಚಿಸಿ ಬಂದವನು. ಆ ಜಂಬವೇ ಅವನನ್ನು ಹಳ್ಳಕ್ಕೆ ಕೆಡವಿತು. ಮರಾಠಿ ಬಾರದವನಾಗಿದ್ದರೆ ಪಕ್ಕದವರನ್ನು ಕೇಳಿಯಾದರೂ ತಿಳಿದುಕೊಳ್ಳುತ್ತಿದ್ದ.

ಎರಡು ಸಾವಿರದ ಎರಡನೆಯ ಇಸವಿ, ದಸರೆ ಹತ್ತಿರ ಬಂದಿತ್ತು. ಗುಲಾಬನಿಗೆ ಹೇಳಬಾರದ ಜಾಗದಲ್ಲಿ ಒಂದು ಹುಣ್ಣಾಯಿತು. ಈ ಸೀಮೆಯಲ್ಲಿ ಅದಕ್ಕೆ ಗರ್ಮಿ, ಎಂದರೆ ಉಷ್ಣ, ಎನ್ನುತ್ತಾರೆ. ಹೆಸರೇ ಗರ್ಮಿಯಾದ ಮೇಲೆ ಮದ್ದು ತಂಪಿನದೇ ಆಗಬೇಕಲ್ಲ! ಹದಿನೈದು ದಿನ ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿದ, ಉಳ್ಳಾಗಡ್ಡಿ ರಸ ಕುಡಿದ, ಮಜ್ಜಿಗೆ ಕುಡಿದು ಕುಡಿದು ನೆಗಡಿ ತಂದುಕೊಂಡ. ಹುಣ್ಣು ಇದ್ದಲ್ಲೇ ಇತ್ತು. ಕಡೆಗೆ, ಗುರುತಿನವರು ಯಾರೂ ಸಿಗದಷ್ಟು ದೂರ ಎಂದು, ಎರಡೂವರೆ ತಾಸು ಬಸ್ಸಿನಲ್ಲಿ ಕುಳಿತು ಶಹರದ ದೊಡ್ಡ ದವಾಖಾನೆಗೆ ಹೋದ. ಹೆಂಡತಿ ಕಾಸೀಂಬಿಗೆ ಕುರಿ ನೋಡಿ ಬರುತ್ತೇನೆಂದು ಹೇಳಿದ್ದ.

ಅಲ್ಲಿಯ ಡಾಕ್ಟರು ಹರೆಯದ ಮನುಷ್ಯ, ಕನ್ನಡದ ಗಂಧವಿಲ್ಲದವರು. ಪರೀಕ್ಷೆ ಮಾಡಿ, ಸೂಜಿ ಚುಚ್ಚಿಸಿ, ಕಾಗದದಿಂದ ತಲೆ ಎತ್ತದೆಯೇ, ಜೋಡೀದಾರರು ಇದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದರು: “ಜೋಡೀದಾರ ಆಹೇ ಕಾ?”

“ಆಹೇ, ಸಾಹೇಬ.”

“ಕಿತೀ ವರ್ಷ?”

“ಅಕರಾ.”

ಹನ್ನೊಂದು ವರ್ಷದ ಜೋಡಿ ಎಂದು ಕೇಳಿ ಡಾಕ್ಟರಿಗೆ ಸಂತೋಷವಾಯಿತು. ಒಂದು ಹಳದಿ ಚೀಟಿಯ ಮೇಲೆ ಬರೆದುಕೊಟ್ಟರು: ಮುಂದಿನ ವಾರ ಜೋಡೀದಾರನನ್ನು ಕರೆತರಬೇಕು. ಇಬ್ಬರಿಗೂ ಒಟ್ಟಿಗೆ ಮದ್ದಾಗದಿದ್ದರೆ ಬೇನೆ ತಿರುಗಿ ಬರುತ್ತದೆಂದು ಬಾಯಲ್ಲೂ ಹೇಳಿದರು.

ಡಾಕ್ಟರು ಕೇಳಿದ್ದು ಹೆಂಡತಿಯನ್ನು. ಅಂಥ ಕೋಣೆಗೆ ಬರುವವರಲ್ಲಿ ಯಾರಿಗೆ ಹೆಂಡತಿ, ಯಾರಿಗೆ ಇನ್ನೊಬ್ಬಳು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಅದಕ್ಕೆ ಮರ್ಯಾದೆಯ ಮಾತೊಂದನ್ನು ಹುಡುಕಿಕೊಂಡಿದ್ದರು. ಗುಲಾಬನಿಗೆ ನೆನಪಾದದ್ದು ಗುರಪ್ಪ. ಕುರಿ ವ್ಯಾಪಾರದಲ್ಲಿ ಜೋಡೀದಾರ ಎಂದರೆ ಬೇರೆ ಅರ್ಥವೇ ಇಲ್ಲ. ಹನ್ನೊಂದು ವರ್ಷದಿಂದ ಇಬ್ಬರೂ ಒಟ್ಟಿಗೆ ಮರಿ ಕೊಂಡು, ಮೇಯಿಸಿ, ಬಕ್ರೀದಿಗೆ ಮುಂಬಯಿಗೆ ಲಾರಿ ತುಂಬಿಕೊಂಡು ಹೋಗುವವರು. ಗುರಪ್ಪ ಲಿಂಗ ಕಟ್ಟಿದವನು. “ಲಿಂಗಾ ಕಟ್ಟಿ ಕುರಿ ಮಾರ್ತೀಯಲ್ಲೋ” ಎಂದು ನಕ್ಕವರಿಗೆ, “ನಾ ಮಾರೂದು ಜೀವಂತ ಕುರೀನ. ಮುಂದಿಂದು ಅವರವರ ಪಾಪ” ಎಂದು ನಗುತ್ತಲೇ ಉತ್ತರ ಕೊಡುತ್ತಿದ್ದ. ಆಷಾಢದಲ್ಲಿ ಮುಂಬಯಿಗೆ ಹೋದಾಗ ಇಬ್ಬರೂ ಕೂಡಿಯೇ, ಹೆಂಗಸರು ಬಾಗಿಲಲ್ಲಿ ನಿಂತು ಕರೆಯುವ ಆ ಗಲ್ಲಿಗೂ ಹೋಗಿದ್ದರು. ಡಾಕ್ಟರು ಜಾಣ, ಅದನ್ನೂ ಪತ್ತೆ ಹಚ್ಚಿಬಿಟ್ಟ ಎಂದು ಗುಲಾಬ ದಾರಿಯುದ್ದಕ್ಕೂ ಬೆರಗಾದ.

ಗುರಪ್ಪನಿಗೆ ಚೀಟಿ ತೋರಿಸಿದ. ಗುರಪ್ಪ ಮೊದಲು ನಕ್ಕ, ಆಮೇಲೆ ತೊಡೆಸಂದಿಯಲ್ಲಿ ತನಗೂ ಒಂದು ಗಡ್ಡೆ ಎದ್ದಿದೆ ಎಂದು ಮೆಲ್ಲಗೆ ಒಪ್ಪಿಕೊಂಡ. “ನಡಿ, ನಿನ್ನ ಸಲುವಾಗಿ ಬರ್ತೀನಿ” ಎಂದ. ತನ್ನ ಸಲುವಾಗಿ ಎನ್ನಲು ಗಂಡಸಿಗೆ ಬಾಯಿ ಬರುವುದಿಲ್ಲ ನೋಡಿ.

ಮುಂದಿನ ವಾರ ಇಬ್ಬರೂ ಬಿಳಿ ಟೊಪ್ಪಿಗೆ ಹಾಕಿಕೊಂಡು ಡಾಕ್ಟರ ಮುಂದೆ ಹೋಗಿ ನಿಂತರು. “ಇವನ ನಮ್ಮ ಜೋಡೀದಾರ” ಎಂದ ಗುಲಾಬ. ಡಾಕ್ಟರು ಒಮ್ಮೆ ಅವನನ್ನು, ಒಮ್ಮೆ ಇವನನ್ನು ನೋಡಿ ಏನೋ ತಿಳಿದುಕೊಂಡು ಗಂಭೀರವಾದರು. ಅಲ್ಲಿದ್ದ ನರ್ಸಬಾಯಿ ಮಲಕವ್ವ ಯಳವಿಯ ಕಡೆಯದೇ ಊರು ಸೊರಡಿಯವಳು. ಅವಳಿಗೆ ಎರಡೂ ಭಾಷೆಯ ಹಕೀಕತ್ತು ಗೊತ್ತು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು.

“ಯಪ್ಪಾ, ಜೋಡೀದಾರ ಅಂದ್ರ ನಿಮ್ಮ ಮನಿಯವರು! ಹೇಣ್ತೀನ ಕರಕೊಂಡ ಬಾ ಅಂದ್ರ ದೋಸ್ತನ್ನ ಕರಕೊಂಡ ಬಂದೀರಲ್ರಿ!”

ಗುಲಾಬನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಗುರಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದು ಅದೇ ಕೊನೆ.

ಬಂದವನು ಬಂದಿದ್ದಾನೆ, ಗಡ್ಡೆಯೂ ಇದೆ ಎಂದಮೇಲೆ ಡಾಕ್ಟರು ಅವನನ್ನೂ ಪರೀಕ್ಷೆ ಮಾಡಿದರು. ಇಂಥ ಬೇನೆ ಇದ್ದವರಿಗೆ ಆ ದೊಡ್ಡ ಬೇನೆಯೂ ಸುಲಭವಾಗಿ ಅಂಟಿಕೊಂಡಿರುತ್ತದೆ, ಅದರ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ ಎಂದು ಮಲಕವ್ವ ತಿಳಿಸಿ ಹೇಳಿದಳು. ಇಬ್ಬರೂ ಒಪ್ಪಿ ರಕ್ತ ಕೊಟ್ಟರು. ಎಂಟು ದಿನಕ್ಕೆ ಉತ್ತರ ಬಂತು. ಗುಲಾಬನಿಗೆ ಬರೀ ಗರ್ಮಿ. ಮೂರು ತಿಂಗಳಿಗೆ ಇನ್ನೊಮ್ಮೆ ನೋಡೋಣ ಎಂದರು. ಆಗಲೂ ಏನೂ ಸಿಗಲಿಲ್ಲ. ಗುರಪ್ಪನನ್ನು ಮಾತ್ರ ಆ ಎಂಟನೆಯ ದಿನವೇ ಮಲಕವ್ವ ಒಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಅರ್ಧ ತಾಸಾದ ಮೇಲೆ ಹೊರಗೆ ಬಂದ ಗುರಪ್ಪ ಗುಲಾಬನನ್ನು ನೋಡದೆ ನೇರ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಬಸ್ಸು ಬಂದಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತರು. ಗುರಪ್ಪ ಹೆಗಲ ಮೇಲಿನ ಟಾವೆಲ್ಲನ್ನು ತೆಗೆದು ಇಬ್ಬರ ಕೈಗಳ ಮೇಲೆ ಹಾಸಿ, ಅದರಡಿಯಲ್ಲಿ ಗುಲಾಬನ ಬೆರಳು ಹಿಡಿದ. ಬಜಾರಿನಲ್ಲಿ ಕುರಿಯ ದರ ಕುದುರಿಸುವುದು ಹೀಗೆಯೇ: ಬಟ್ಟೆಯ ಕೆಳಗೆ ಬೆರಳು ಹಿಡಿದು. ಆ ಬಟ್ಟೆಯಡಿ ಆದ ಮಾತನ್ನು ಬಾಯಿ ಬಿಟ್ಟು ಹೇಳಿದ ವ್ಯಾಪಾರಿಯ ಜೊತೆ ಮತ್ತೆ ಯಾರೂ ಕೈ ಹಿಡಿಯುವುದಿಲ್ಲ.

“ನನಗ ಏಡ್ಸ್ ಐತಂತ” ಎಂದ ಗುರಪ್ಪ. ಆಮೇಲೆ ಹೆಂಡತಿಯ ಮಾತೆತ್ತಿದ. “ಸಿದ್ದಲಿಂಗಿಗೆ ಈಗ ಐದು ತಿಂಗಳ. ಆಕೀನ ಕರಕೊಂಡ ಬಾ ಅಂದ್ರು. ಬ್ಯಾನಿ ಚಾಲೂ ಆದಕೂಡ್ಲೆ ಆಕಿಗೊಂದು ಗುಳಗಿ, ಹುಟ್ಟಿದ ಮ್ಯಾಲ ಮೂರ ದಿನದೊಳಗ ಕೂಸಿಗೆ ಔಷಧ ಹಾಕಿದ್ರ ಕೂಸು ಉಳದ್ರೂ ಉಳೀಬಹುದಂತ.”

“ಮತ್ತ ಕರಕೊಂಡ ಬಾರಲೇ! ನಾಳೇನ ಬಾ!”

“ಹೆಂಗ ಹೇಳ್ಲಿ? ಎಂಟ ವರ್ಷದ ಮ್ಯಾಲ ನಿಂತ ಬಸಿರು. ಊರಾಗೆಲ್ಲಾ ಸಕ್ಕರಿ ಹಂಚೇನಿ. ನಾನಽ ಹೇಳ್ತೀನಿ, ನನಗ ಸ್ವಲ್ಪ ದಿನಾ ಕೊಡು. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ.” ಬೆರಳನ್ನು ನೋವಾಗುವಷ್ಟು ಹಿಸುಕಿದ. ಗುಲಾಬ ಆಯಿತು ಎಂದ. ಜೋಡೀದಾರ ಕೇಳಿದ್ದಕ್ಕೆ ಆಯಿತು ಎನ್ನುವುದೇ ಅವನಿಗೆ ರೂಢಿ.

ಇನ್ನು ಕಾಸೀಂಬಿಯನ್ನು ದವಾಖಾನೆಗೆ ಕರೆದೊಯ್ಯುವ ಕೆಲಸವಿತ್ತಲ್ಲ. ಕಾಸೀಂಬಿ ಊರೂರು ತಿರುಗಿ ಬಳೆ ತೊಡಿಸುವವಳು. ಕೈ ಹಿಡಿದರೆ ಸಾಕು, ಮನೆಯೊಳಗಿನ ಸುದ್ದಿ ತಿಳಿದುಬಿಡುತ್ತಾಳೆ. ಅಂಥವಳಿಗೆ ಇವನು ‘ಉಷ್ಣದ ಸೂಜಿ’ ಎಂದು ಹೇಳಿ ಕರೆದೊಯ್ದ. ಮಲಕವ್ವ ಸುಳ್ಳು ಹೇಳುವ ಪೈಕಿಯವಳಲ್ಲ. ಎಲ್ಲ ಬಿಡಿಸಿ ಹೇಳಿ, ಸೂಜಿ ಹಾಕಿ, ರಕ್ತ ನೋಡಿ, ಆ ದೊಡ್ಡ ಬೇನೆ ನಿಮಗಿಲ್ಲ ಎಂದು ಸಮಾಧಾನವನ್ನೂ ಹೇಳಿ ಕಳಿಸಿದಳು. ಗುಲಾಬನನ್ನು ಬಾಗಿಲಲ್ಲಿ ನಿಲ್ಲಿಸಿ, “ನಿಮ್ಮ ಕೂಡ ಬಂದವರು ತಿರುಗಿ ಬರ್ಲೇ ಇಲ್ಲ. ಲಗೂನ ಬರಾಕ ಹೇಳ್ರಿ” ಎಂದಳು.

ಕಾಸೀಂಬಿಗೆ ಸಿಟ್ಟು ಬಂದರೆ ಮನೆಮಾತಾದ ದಖನಿಯಲ್ಲಿ ಬೈಯುತ್ತಾಳೆ. ಸಿಟ್ಟು ಮಿತಿಮೀರಿದರೆ ದಖನಿ ಬಿಟ್ಟು ಕನ್ನಡಕ್ಕೆ ಬರುತ್ತಾಳೆ, ಅದೂ ಮೆಲ್ಲಗೆ. ಅಂದು ಮನೆಗೆ ಬಂದು ಬುಟ್ಟಿಯ ಬಳೆಗಳನ್ನು ಒರೆಸುತ್ತಾ ಕನ್ನಡದಲ್ಲೇ ಕೇಳಿದಳು: “ಗುರಪ್ಪನೂ ಬಂದಿದ್ದಾ?”

ಗುಲಾಬ ಚಪ್ಪಲಿ ಕಳಚುವ ನೆಪದಲ್ಲಿ ಬಗ್ಗಿದ.

“ಅವನಿಗೆ ಬರೀ ಗರ್ಮೀನೋ, ಅದರ ಮುಂದಿಂದೂ?”

ಗುಲಾಬ ಸುಮ್ಮನಿದ್ದ. ಸುಮ್ಮನಿರುವುದೂ ಒಂದು ಉತ್ತರವೇ ಎಂದು ಆ ಮಂದಮತಿಗೆ ಹೊಳೆಯಲಿಲ್ಲ. ಕಾಸೀಂಬಿಯ ಕೈಯಲ್ಲಿದ್ದ ಬಳೆ ಚಟ್ಟನೆ ಮುರಿಯಿತು.

“ಸಿದ್ದಲಿಂಗಿಗೆ ನಾ ಹೇಳಾಕ ಹೋಗೂದಿಲ್ಲ” ಎಂದಳು ಚೂರುಗಳನ್ನು ಆಯುತ್ತಾ. “ನಿನಗ ಹೆಂಗ ಗೊತ್ತಂತ ಕೇಳ್ತಾರ. ನನಗೂ ಸೂಜಿ ಹಾಕ್ಯಾರಂತ ಹೇಳಬೇಕಾಕ್ಕೈತಿ. ಯಾಸ್ಮಿನಳ ಮಾತು ಮುಗಿಯೂ ಹೊತ್ತಿನ್ಯಾಗ ನನ್ನಿಂದ ಆಗೂದಿಲ್ಲ. ನೀನಽ ಹೇಳು. ನೀನಽ ಕಟ್ಟಿದ್ದು, ನೀನಽ ಬಿಚ್ಚು.”

ಯಾಸ್ಮಿನ ಅವರ ಮಗಳು. ಅವಳ ಮದುವೆಯ ಮಾತು ಆಗಷ್ಟೇ ಒಂದು ಹದಕ್ಕೆ ಬಂದಿತ್ತು.

ಗುಲಾಬ ಹೇಳಿದನೇ? ಗುರಪ್ಪನ ಮನೆಗೆ ನಾಲ್ಕು ಸಲ ಹೋದ. ನಾಲ್ಕು ಸಲವೂ ಸಿದ್ದಲಿಂಗವ್ವ “ಕುಂದ್ರಣ್ಣಾ” ಎಂದು ಚಹಾ ಮಾಡಿ ಕೊಟ್ಟಳು. ನಾಲ್ಕು ಸಲವೂ ಕುಡಿದು ಎದ್ದು ಬಂದ. ಏಳನೆಯ ತಿಂಗಳಲ್ಲಿ ಕುಬುಸ ಮಾಡಿದರು. ಕಾಸೀಂಬಿಯೇ ಹೋಗಿ ಹಸಿರು ಬಳೆ ತೊಡಿಸಿದಳು. ಗುರಪ್ಪ ಕುಬುಸಕ್ಕೆ ಮೊದಲು ಹೇಳುತ್ತೇನೆಂದ, ಕುಬುಸ ಮುಗಿಯಿತು. ತವರಿಗೆ ಕಳಿಸುವಾಗ ಹೇಳುತ್ತೇನೆಂದ, ಅವಳು ತವರಾದ ಸನಮಡಿಗೆ ಹೋಗಿಯೂ ಆಯಿತು. ಬಕ್ರೀದು ಹತ್ತಿರ ಬಂತು. ಗುಲಾಬ ಆ ವರ್ಷ ಮುಂಬಯಿಗೆ ಹೋಗಲಿಲ್ಲ. ಗುರಪ್ಪ ಒಬ್ಬನೇ ಲಾರಿ ಹತ್ತಿದ. “ಬಂದಕೂಡ್ಲೆ ಹೇಳ್ತೀನಿ” ಎಂದು ಕೆಳಗೆ ನಿಂತವನಿಗೆ ಲಾರಿಯ ಮೇಲಿಂದ ಹೇಳಿದ. ಅವನ ಅಂಗಿ ಹೆಗಲಲ್ಲಿ ಸಡಿಲವಾಗಿತ್ತು. ಗುಲಾಬನಿಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಬಕ್ರೀದಿಗೆ ಇನ್ನೂ ಮೂರು ದಿನವಿರುವಾಗ ಸನಮಡಿಯಿಂದ ಸುದ್ದಿ ಬಂತು. ಸಿದ್ದಲಿಂಗವ್ವ ದಿನ ತುಂಬುವ ಮೊದಲೇ ಹೆತ್ತಿದ್ದಳು. ನಿನ್ನೆ ಹೊತ್ತು ಮೂಡುವಾಗ, ಮನೆಯಲ್ಲೇ. ಹೆಣ್ಣು ಕೂಸು.

ಕಾಸೀಂಬಿ ಬಳೆಬುಟ್ಟಿಯನ್ನು ಮೂಲೆಗೆ ಸರಿಸಿ, ಚಪ್ಪಲಿ ಮೆಟ್ಟಿ, ಚಾದರ ಹೊದ್ದು ಬಾಗಿಲಿಗೆ ಹೋದಳು.

“ಎಲ್ಲಿಗೆ?”

“ಸನಮಡಿಗೆ. ಯಾಸ್ಮಿನಳ ಮದುವಿ ಮುರದ್ರ ಮುರೀಲಿ. ಮನ್ಯಾಗ ಗಂಡಸ ಇದ್ದಾನಂತ ನಾಕ ತಿಂಗಳ ಕುಂತಿದ್ದೆ.”

ಗುಲಾಬ ಅವಳನ್ನು ದಾಟಿಕೊಂಡು ಓಡಿದ. ರಸ್ತೆಯಲ್ಲಿ ಊರೂರಿಗೆ ಮಂದಿ ತುಂಬಿಕೊಂಡು ಹೊರಡಲು ನಿಂತಿದ್ದ ವಡಾಪ್ ಜೀಪನ್ನು, ಸೀಟು ತುಂಬುವ ಮೊದಲೇ ಇಡೀ ಗಾಡಿ ಗೊತ್ತು ಮಾಡಿಕೊಂಡು ತಾನೊಬ್ಬನೇ ಹತ್ತಿ ಸನಮಡಿಗೆ ಬಿಡಿಸಿದ.

ಮನೆಯ ಅಂಗಳದಲ್ಲಿ ಸಿದ್ದಲಿಂಗವ್ವನ ಅಣ್ಣ ಬಸಗೊಂಡ ಕಣ್ಣಿ ಹೊಸೆಯುತ್ತಿದ್ದ. ತಾಯಿ ಗುರವ್ವ ಬಾಣಂತಿಗೆ ಖಾರ ಕುಟ್ಟುತ್ತಿದ್ದಳು. ಅಳಿಯನ ಜೋಡೀದಾರನೆಂದರೆ ಮನೆಯವನೇ ಅಲ್ಲವೇ. “ಬರ್ರಿ, ಕೂಸಿನ್ನ ನೋಡಬರ್ರಿ” ಎಂದು ಬಾಣಂತಿ ಕೋಣೆಯ ಬಾಗಿಲವರೆಗೆ ಬಿಟ್ಟಳು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಹೊಗೆಯಲ್ಲಿ ಸಿದ್ದಲಿಂಗವ್ವ ನಗುತ್ತಿದ್ದಳು.

“ಗುಲಾಬಣ್ಣಾ, ನೋಡಿಲ್ಲಿ. ನಿನ್ನ ದೋಸ್ತನ ಮೂಗು.”

ನಾಲ್ಕು ತಿಂಗಳು ಗಂಟಲಲ್ಲಿ ಕುಳಿತದ್ದು ಆ ಮೂಗನ್ನು ನೋಡಿ ತಾನಾಗಿಯೇ ಹೊರಗೆ ಬಿತ್ತು. ಹೊಸ್ತಿಲ ಮೇಲೆ ಕುಕ್ಕರಿಸಿ, ತಲೆ ತಗ್ಗಿಸಿ, ಮೆಲ್ಲಗೆ ಎಲ್ಲ ಹೇಳಿಬಿಟ್ಟ. ಗಲ್ಲಿ, ಚೀಟಿ, ರಕ್ತ, ಗುಳಿಗೆ, ಮೂರು ದಿನ. ಹೇಳಿ ಮುಗಿದ ಮೇಲೂ ತಲೆ ಎತ್ತಲಿಲ್ಲ.

“ನಿನಗ ಗೊತ್ತಾಗಿ ಎಷ್ಟ ದಿನಾ ಆತು?”

“ನಾಕ ತಿಂಗಳ.”

“ನಾಕ ತಿಂಗಳದಾಗ ನಾಕ ಸಲಾ ಬಂದೀದಿ. ನನ್ನ ಕೈಯಾನ ಚಾ ಕುಡದ ಹೋಗೀದಿ.” ಅವಳ ದನಿ ಏರಲಿಲ್ಲ. ಗುಲಾಬನಿಗೆ ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಬೆರಳು ಎಣಿಸಿದಳು. “ನಿನ್ನೆ ಹೊತ್ತು ಮೂಡೂಮುಂದ ಹಡದೀನಿ. ಅಂದ್ರ ಇನ್ನೂ ಹೊತ್ತು ಐತಿ.”

“ಐತಿ. ಜೀಪು ನಿಂದ್ರಿಸೇನಿ.”

“ಐದೇಶಿ ಆಗೂತನಕಾ ಅವ್ವ ನನ್ನ ಹೊಸ್ತಿಲಾ ದಾಟಸಗೊಡೂದಿಲ್ಲ. ಹೊರಗ ಹೋಗಿ ಏನರ ಒಂದು ಹೇಳು. ಇದನ್ನ ಮಾತ್ರ ಹೇಳಬ್ಯಾಡ. ಇಲ್ಲಿ ಇದನ್ನ ಹೇಳಿದ್ರ ತಿರುಗಿ ಬರಾಕ ನನಗ ತವರ ಇರೂದಿಲ್ಲ.”

ಹುಟ್ಟಿದ ಐದನೆಯ ದಿನ ಸೆಟಿವಿ ದೇವಿಯ ಪೂಜೆ, ಅಂದರೆ ಐದೇಶಿ, ಆಗುವವರೆಗೆ ಬಾಣಂತಿ, ಕೂಸು ಹೊರಗೆ ಕಾಲಿಡುವಂತಿಲ್ಲ. ಅದನ್ನು ಮುರಿಯಬೇಕಾದರೆ ತೂಕದ ಕಾರಣವೇ ಬೇಕು. ಗುಲಾಬ ಅಂಗಳಕ್ಕೆ ಬರುವ ಎಂಟು ಹೆಜ್ಜೆಯಲ್ಲಿ ತಲೆ ಓಡಿಸಿದ. ಕೂಸಿಗೆ ಬರುವ ಬೇನೆ, ಯಾರಿಗೂ ಮರ್ಯಾದೆ ಹೋಗದ ಬೇನೆ, ದವಾಖಾನೆಗೆ ಒಯ್ಯುವಂಥದ್ದು.

“ಗುರವ್ವಾ, ಕೂಸಿನ ಕಣ್ಣು ಹಳದಿ ಕಾಣ್ತಾವು. ಕಾಮಾಲಿ ಇದ್ದಂಗೈತಿ. ಶಹರಕ್ಕ ಒಯ್ಯೂಣು, ಜೀಪು ಐತಿ.”

ಏನು ಬುದ್ಧಿವಂತ ನೋಡಿ! ಗುರವ್ವ ಒನಕೆ ಬಿಟ್ಟು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ಬಿಸಿಲಿಗೆ ಹಿಡಿದಳು. ಬೆಳಿಗ್ಗೆ ತಾನೇ ಅರಿಷಿಣ ಹಚ್ಚಿ ಎರೆದ ಕೂಸು, ಹಳದಿಯಲ್ಲದೆ ಇನ್ನೇನು ಇದ್ದೀತು.

“ಹೌದರೀ ಯವ್ವಾ, ಕಾಮಾಲೀನ! ಅದಕ್ಕ ದವಾಖಾನಿ ಯಾಕ? ಚುಟಗಿ ಇಟ್ರ ಆತು. ನಮ್ಮ ಬಸಗೊಂಡಗೂ ಇಟ್ಟಿದ್ದೆ, ನೋಡ್ರಿ, ಗುಂಡಕಲ್ಲ ಇದ್ದಂಗ ಆಗ್ಯಾನ.”

ಅಂಗಳದಲ್ಲೇ ಎಲ್ಲ ಚಕಚಕನೆ ನಡೆಯಿತು. ಬೀದಿಯವರ ದೃಷ್ಟಿ ಬೀಳಬಾರದೆಂದು ಬಸಗೊಂಡ ಹೊರ ಬಾಗಿಲಿಗೆ ಅಗುಳಿ ಹಾಕಿ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಎರಡೂ ಕಾಲು ಹಿಡಿದ. ಗುರವ್ವ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ಹೊರಗೆ ಎಳೆದು ದಬ್ಬಣದ ತುದಿಯನ್ನು ಕೆಂಡಕ್ಕೆ ತುರುಕಿದಳು. ಚುಟಗಿ ಎಂದರೆ ಹೊಟ್ಟೆಯ ಮೇಲೆ ಮೂರು ಕಡೆ ಸುಡುವುದು, ಈ ಕಡೆಯ ಪದ್ಧತಿ. ಸಿದ್ದಲಿಂಗವ್ವ ಬಾಗಿಲಿನ ಚೌಕಟ್ಟು ಹಿಡಿದು ನಿಂತು “ಬ್ಯಾಡವ್ವಾ, ಬ್ಯಾಡವ್ವಾ” ಎನ್ನುತ್ತಿದ್ದಳು. ಚೊಚ್ಚಲ ತಾಯಿ, ಹೆದರುತ್ತಾಳೆ ಎಂದು ಯಾರೂ ಲಕ್ಷ್ಯ ಕೊಡಲಿಲ್ಲ. ದಬ್ಬಣದ ತುದಿ ಕೆಂಪಾಯಿತು.

ಗುಲಾಬ ಸಿದ್ದಲಿಂಗವ್ವನ ಮುಖ ನೋಡಿದ. ಹೇಳಬೇಡ ಎಂದವಳು ಈಗ ತಲೆ ಅಲ್ಲಾಡಿಸುತ್ತಿರಲಿಲ್ಲ, ಬರೀ ಅವನನ್ನೇ ನೋಡುತ್ತಿದ್ದಳು.

“ಕಾಮಾಲಿ ಅಲ್ಲ!” ಎಂದು ಗುಲಾಬ ಕೂಗಿದ. “ಸುಳ್ಳ ಹೇಳ್ದೆ. ಗುರಪ್ಪಗ ಏಡ್ಸ್ ಐತಿ. ಕೂಸಿಗೆ ಬರಬಾರದಂದ್ರ ಮೂರ ದಿನದೊಳಗ ಔಷಧ ಹಾಕಬೇಕು.”

ಆ ಶಬ್ದ ಎಲ್ಲರಿಗೂ ಗೊತ್ತಿತ್ತು. ಸರಕಾರಿ ಎಸ್.ಟಿ. ಬಸ್ಸಿನ ಹಿಂದೆ ದಿನಾಲು ಓದುತ್ತಿದ್ದರು. ಮನೆಯೊಳಗೆ ಅದನ್ನು ಯಾರೂ ಅಂದಿರಲಿಲ್ಲ.

“ನಿನಗ ಹೆಂಗ ಗೊತ್ತು?” ಎಂದ ಬಸಗೊಂಡ.

“ಮುಂಬಯಿದಾಗ ಕೂಡೇ ಹೋಗಿದ್ವಿ. ಅವನ ರಕ್ತಾ ತೋರಸಾಕ ಕರಕೊಂಡ ಹೋದಾವನೂ ನಾನ.”

ಬಸಗೊಂಡ ಎದ್ದು ಬಂದು ಹೊಡೆಯುತ್ತಾನೆ ಎಂದು ಗುಲಾಬ ಕಾದ. ಅವನು ಎದ್ದ, ಹೊಡೆಯಲಿಲ್ಲ. ತೊಡೆಯ ಮೇಲಿದ್ದ ಕೂಸನ್ನು ಜೋಳದ ಚೀಲದ ಮೇಲೆ ಇಟ್ಟು, ಎರಡೂ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾ ಹಿಂದಕ್ಕೆ ಸರಿದ. ಕೂಸು ಚೀಲದ ಮೇಲೆ ಒಂದೇ ಸಮನೆ ಅಳುತ್ತಿತ್ತು. ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಸಿದ್ದಲಿಂಗವ್ವ ಹೊಸ್ತಿಲು ದಾಟಿ ಬಂದು ಕೂಸನ್ನು ಎತ್ತಿಕೊಂಡಳು. ಅವಳು ಬಾಗಿಲ ಕಡೆ ತಿರುಗಿದಾಗ ಬಸಗೊಂಡ ತಾನಾಗಿಯೇ ಅಗುಳಿ ತೆಗೆದು, ಬಾಗಿಲು ಪೂರಾ ತೆರೆದು, ಗೋಡೆಗೆ ಬೆನ್ನು ಹಚ್ಚಿ ನಿಂತ. ಅವಳ ಸೆರಗು ತಾಗಬಾರದೆಂದು ಹೊಟ್ಟೆ ಒಳಗೆಳೆದುಕೊಂಡಿದ್ದ. ಒಂದು ಗಳಿಗೆಯ ಹಿಂದೆ ಜಪ್ಪಯ್ಯ ಎಂದರೂ ಬಿಡದಿದ್ದವರು ಈಗ ರಾಜಮಾರ್ಗ ಬಿಟ್ಟಿದ್ದರು.

ಮುಟ್ಟಿದರೆ ಬರುವ ಬೇನೆಯಲ್ಲ ಅದು. ಮಲಕವ್ವ ಗುಲಾಬನಿಗೆ ಹತ್ತು ಸಲ ಹೇಳಿ ಬಾಯಿಪಾಠ ಮಾಡಿಸಿದ್ದಳು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೇಳಿ, ಇವರು ನಂಬಿಬಿಟ್ಟರೆ? ಬಸಗೊಂಡ ತಂಗಿಯ ರಟ್ಟೆ ಹಿಡಿಯುತ್ತಾನೆ, ಬಾಗಿಲು ಮುಚ್ಚುತ್ತದೆ, ಹಿರಿಯರು ಸೇರುತ್ತಾರೆ, ಮಾತು ಐದನೆಯ ದಿನದವರೆಗೆ ನಡೆಯುತ್ತದೆ. ಆ ಭಯವೊಂದೇ ಬಾಗಿಲನ್ನು ತೆರೆದು ಹಿಡಿದಿತ್ತು. ಗುಲಾಬ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆದ.

ಜೀಪಿನ ಹತ್ತಿರ ಸಿದ್ದಲಿಂಗವ್ವ ನಿಂತು ತಿರುಗಿದಳು. “ಯವ್ವಾ, ಹೋಗಿ ಬರ್ತೀನಿ” ಎಂದಳು.

ಗುರವ್ವ ಅಂಗಳದ ಬಾನಿಯ ಮುಂದೆ ಕುಳಿತಿದ್ದಳು. ಬೆಳಿಗ್ಗೆ ಕೂಸಿಗೆ ಎಣ್ಣೆ ಅರಿಷಿಣ ತಿಕ್ಕಿದ ಕೈಗಳನ್ನು ಬೂದಿ ಹಚ್ಚಿ ತೊಳೆಯುತ್ತಿದ್ದಳು, ತೊಳೆದು ಮತ್ತೆ ಬೂದಿ ಹಚ್ಚುತ್ತಿದ್ದಳು. ಅಳುತ್ತಲೂ ಇದ್ದಳು. ಮಗಳ ಕಡೆ ನೋಡಲಿಲ್ಲ.

ಮುಟ್ಟಿದರೆ ಬರುವುದಿಲ್ಲವ್ವಾ ಎಂದು ಆ ಮುದುಕಿಯೊಬ್ಬಳಿಗಾದರೂ ಹೇಳಬೇಕು ಎಂದು ಗುಲಾಬನಿಗೆ ಎನ್ನಿಸಿತು. ಹೇಳಲಿಲ್ಲ. ಜೀಪು ಇನ್ನೂ ಚಾಲೂ ಆಗಿರಲಿಲ್ಲ.